ತನ್ನ ಮೇಲೆ ತಾನೆ ಮುನಿದ ಮೈ

ಮಹಾಭಾರತದ ಪಾಂಡುರಾಜನ ಹುಟ್ಟಿನ ಕಥೆ ವಾಚಕರಿಗೆ ಗೊತ್ತೇ ಇದೆ. ವ್ಯಾಸರ ಉಗ್ರರೂಪವನ್ನು ಕಂಡು ಅಂಬಾಲಿಕೆ ಬಿಳಿಚಿಕೊಂಡಳಂತೆ. ಹುಟ್ಟಿದ ಮಗುವೂ ಬಿಳಿಚಿಕೊಂಡೆ ಹುಟ್ಟಿತಂತೆ. ‘ಪಾಂಡು’ ಎಂದರೆ ಹಳದಿ ಬೆರೆತ ಬಿಳುಪು. ಅದೇ ಶಬ್ದದಿಂದ ನಮ್ಮ ವೈದ್ಯಗ್ರಂಥಗಳು ಪಾಂಡುರೋಗವೆಂಬ ಹೆಸರನ್ನು ಕಟ್ಟಿಕೊಂಡವು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಈ ರೋಗಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಅದು ಐದು ಬಗೆಯದೆಂದು ಅಲ್ಲಿ ಹೇಳಿದೆ. ಮಣ್ಣು ತಿನ್ನುವುದರಿಂದ ಬರುವುದು ಅವುಗಳಲ್ಲೊಂದು. ಮದ್ದುಗಳಲ್ಲಿ ಕಬ್ಬಿಣದ ಪುಡಿಯೂ ಕಬ್ಬಿಣದ ಕಿಟ್ಟವಾದ ಮಂಡೂರವೂ ಬರುತ್ತವೆ. ಸುಶ್ರುತಸಂಹಿತೆಯಾದರೋ, ಅತಿಯಾಗಿ ರಕ್ತ ಹರಿದುಹೋದವನಿಗೆ ಆಡಿನ ಯಕೃತ್ತನ್ನು, ಎಂದರೆ ನಮ್ಮ ಹಳ್ಳಿಯವರು ಈಲಿ ಎನ್ನುವುದನ್ನು, ಹಸಿಯಾಗಿಯೆ ತಿನ್ನಿಸಬೇಕೆನ್ನುತ್ತದೆ.

ಇಂಥದನ್ನು ಓದಿದ ಕೂಡಲೆ “ನಮ್ಮವರಿಗೆ ಎಲ್ಲವೂ ಆಗಲೇ ಗೊತ್ತಿತ್ತು” ಎಂದು ಮೀಸೆ ತಿರುವುವವರುಂಟು. ಆ ಉತ್ಸಾಹ ನನಗಿಲ್ಲ. ಆದರೆ ಒಂದು ಮಾತನ್ನು ಒಪ್ಪಬೇಕು. ಹಿಂದಿನವರು ಬಿಳಿಚಿದ ಮುಖವನ್ನು ನೋಡಿ ಅಲ್ಲಿಗೇ ನಿಲ್ಲಲಿಲ್ಲ. ಇದು ಯಾವುದರಿಂದ ಬಂತು ಎಂದು ಕೇಳಿ ವಿಂಗಡಿಸಹೊರಟರು. ನಾವು ಇಂದು “ರಕ್ತ ಕಡಿಮೆ” ಎಂಬ ಎರಡು ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತೇವೆ. ಖರ್ಜೂರ ತಿನ್ನಿ, ದಾಳಿಂಬೆ ತಿನ್ನಿ, ಬೀಟ್‌ರೂಟಿನ ರಸ ಕುಡಿಯಿರಿ, ಇಲ್ಲವೆ ಒಂದು ಸೀಸೆ ಟಾನಿಕ್ ತನ್ನಿ. ಈ ಸಲಹೆ ಬಹುಪಾಲು ಮನೆಗಳಲ್ಲಿ ತಪ್ಪಾಗಲಾರದು, ಅದೂ ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ರಕ್ತಹೀನತೆಯುಳ್ಳವರು ಭಾರತದಲ್ಲಿ ನೂರಕ್ಕೆ 57, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಇವರಲ್ಲಿ ಬಹಳ ಮಂದಿಗೆ ಬೇಕಾದುದು ಕಬ್ಬಿಣ ಮತ್ತು ಹೊಟ್ಟೆತುಂಬ ಊಟ. ಇಂಥ ದೊಡ್ಡ ಜಾತ್ರೆಯಲ್ಲಿ ಬೇರೆ ಕಾರಣದಿಂದ ಬಿಳಿಚಿಕೊಂಡವನೊಬ್ಬನು ಕಣ್ಣಿಗೆ ಬೀಳುವುದು ಕಷ್ಟ. ಉಣ್ಣುವುದಕ್ಕೆ ಕೊರತೆಯಿಲ್ಲದೆ, ರಕ್ತ ಸೋರದೆ, ತನ್ನ ಮೈಯೇ ತನ್ನ ಮೇಲೆ ಮುನಿದದ್ದರಿಂದ ಬಡವಾದ ರಕ್ತದ ಕಥೆ ಇದು. ಇದನ್ನು ತಿಳಿಯುವುದಕ್ಕೆ ವೈದ್ಯಲೋಕಕ್ಕೆ ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಥಾಮಸ್ ಆಡಿಸನ್ ಎಂಬ ವೈದ್ಯನಿದ್ದನು. 1849ರಲ್ಲಿ ಅವನು ಅಲ್ಲಿನ ಒಂದು ವೈದ್ಯಸಂಘದ ಮುಂದೆ ವಿಚಿತ್ರವಾದ ರಕ್ತಹೀನತೆಯೊಂದನ್ನು ವರ್ಣಿಸಿದನು. ರೋಗಿ ನಡುವಯಸ್ಸಿನವನು, ರಕ್ತ ಹೋಗಿಲ್ಲ, ಭೇದಿಯಿಲ್ಲ, ಕ್ಷಯವಿಲ್ಲ, ಮೈ ಸೊರಗಿಯೂ ಇಲ್ಲ. ನೋಡುವುದಕ್ಕೆ ಮೈತುಂಬಿಕೊಂಡೆ ಇರುತ್ತಾನೆ. ಆದರೆ ದಿನದಿನಕ್ಕೆ ಬಿಳಿಚಿಕೊಳ್ಳುತ್ತಾನೆ, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾನೆ, ಹಾಸಿಗೆ ಹಿಡಿಯುತ್ತಾನೆ, ಸಾಯುತ್ತಾನೆ. ಕಾರಣ ತಿಳಿಯದು. ಕಾರಣವನ್ನು ಹುಡುಕುತ್ತ ಹೆಣಗಳನ್ನು ಪರೀಕ್ಷಿಸುತ್ತಿದ್ದ ಆಡಿಸನ್ನನಿಗೆ ಬೇರೊಂದು ರೋಗವೇ ಸಿಕ್ಕಿತು. ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಚಿಕ್ಕ ಗ್ರಂಥಿಗಳು ಕೆಟ್ಟಾಗ ಮೈ ಕಂದುಬಣ್ಣಕ್ಕೆ ತಿರುಗಿ ಮನುಷ್ಯನು ಕುಸಿಯುವುದನ್ನು ಕಂಡು, ಹನ್ನೊಂದು ಮಂದಿ ರೋಗಿಗಳ ವೃತ್ತಾಂತದೊಡನೆ 1855ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು. ಹಾವನ್ನು ಹುಡುಕಹೋಗಿ ಚೇಳನ್ನು ಹಿಡಿದ ಹಾಗಾಯಿತು. ಆ ಗ್ರಂಥಿಗಳ ರೋಗಕ್ಕೆ ಇಂದಿಗೂ ಅವನ ಹೆಸರೇ ನಿಂತಿದೆ.

ಈ ಎರಡು ರೋಗಗಳು ಒಂದೇ ಮನುಷ್ಯನ ಕೈಗೆ ಸಿಕ್ಕಿದ್ದು ಕೇವಲ ಆಕಸ್ಮಿಕವೆಂದು ಆಗ ತೋರಿರಬೇಕು. ಈ ಜೋಡಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಕೆಲಸಕ್ಕೆ ಬರುತ್ತದೆ. ಆಡಿಸನ್ ಅದನ್ನು ಕಾಣಲಿಲ್ಲ. ಮನೋವ್ಯಥೆಯಿಂದ ಕೆಲಸ ಬಿಟ್ಟು, 1860ರಲ್ಲಿ ಬ್ರೈಟನ್ ಪಟ್ಟಣದಲ್ಲಿ ತನ್ನ ಕೈಯಾರೆ ಜೀವ ನೀಗಿಕೊಂಡನು.

1872ರಲ್ಲಿ ಜ್ಯೂರಿಕ್‌ನ ಬೀರ್ಮರ್ ಎಂಬಾತನು ಆ ರಕ್ತಹೀನತೆಗೆ ‘ಪರ್ನಿಷಿಯಸ್ ಅನೀಮಿಯ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಮಾರಕ ರಕ್ತಹೀನತೆ ಎಂದರ್ಥ. ಆ ಕಾಲದ ಮಟ್ಟಿಗೆ ಅದು ಅನ್ವರ್ಥನಾಮವೆ. ರೋಗ ಗುರುತು ಸಿಕ್ಕ ಬಳಿಕ ಎರಡು ಮೂರು ವರ್ಷ ಉಳಿದರೆ ಹೆಚ್ಚು. ನಾಲಿಗೆ ಕೆಂಪಗೆ ನುಣ್ಣಗಾಗಿ ಉರಿಯುತ್ತದೆ. ಕೈಕಾಲು ಜೋಮು ಹಿಡಿಯುತ್ತದೆ. ಕತ್ತಲಲ್ಲಿ ಹೆಜ್ಜೆ ಎಲ್ಲಿ ಬೀಳುತ್ತಿದೆಯೆಂದು ತಿಳಿಯುವುದಿಲ್ಲ. ಬೆನ್ನುಹುರಿಯ ನರಗಳು ಹೊದಿಕೆ ಕಳಚಿಕೊಂಡು ಕೆಡುವುದನ್ನು 1900ರಲ್ಲಿ ರಸೆಲ್, ಬ್ಯಾಟನ್, ಕೋಲಿಯರ್ ಎಂಬ ಮೂವರು ಲಂಡನ್ನಿನಲ್ಲಿ ವಿವರವಾಗಿ ಬರೆದಿಟ್ಟರು. ಬರಿಯ ರಕ್ತದ ಬೇನೆಯಾಗಿದ್ದರೆ ನರಕ್ಕೇಕೆ ತಗುಲಬೇಕು? ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಆಗ ಯಾರೂ ಇರಲಿಲ್ಲ.

ಉತ್ತರಕ್ಕಿಂತ ಮೊದಲು ಮದ್ದು ಬಂತು. ಅದು ಬಂದ ದಾರಿಯೂ ಸೊಟ್ಟದಾರಿಯೆ. ಅಮೆರಿಕದ ರಾಚೆಸ್ಟರ್ ನಗರದಲ್ಲಿ ಜಾರ್ಜ್ ವಿಪ್ಲ್ ಎಂಬ ವಿಜ್ಞಾನಿಯೂ ಅವನ ಸಹೋದ್ಯೋಗಿ ಫ್ರೀಡಾ ರಾಬ್‌ಶೈಟ್ ರಾಬಿನ್ಸ್ ಎಂಬಾಕೆಯೂ ನಾಯಿಗಳ ರಕ್ತವನ್ನು ತೆಗೆದು, ಯಾವ ಆಹಾರದಿಂದ ಅದು ಬೇಗ ತುಂಬಿಕೊಳ್ಳುತ್ತದೆಂದು ನೋಡುತ್ತಿದ್ದರು. ಎಲ್ಲಕ್ಕಿಂತ ಮೇಲಾಗಿ ನಿಂತದ್ದು ಈಲಿ. ಇದನ್ನು ಓದಿದ ಬಾಸ್ಟನ್ನಿನ ಜಾರ್ಜ್ ಮೈನಟ್, ವಿಲಿಯಂ ಮರ್ಫಿ ಎಂಬ ವೈದ್ಯರು ಅದನ್ನೆ ತಮ್ಮ ಮಾರಕ ರಕ್ತಹೀನತೆಯ ರೋಗಿಗಳಿಗೆ ದಿನಕ್ಕೆ ಕಾಲು ಪೌಂಡಿನಿಂದ ಅರ್ಧ ಪೌಂಡಿನವರೆಗೆ ತಿನ್ನಿಸಿದರು. 1926ರಲ್ಲಿ ನಲವತ್ತೈದು ರೋಗಿಗಳ ವರದಿಯನ್ನು ಅವರು ಮಂಡಿಸಿದಾಗ ವೈದ್ಯರು ಬೆರಗಾದರು. ಸಾಯಬೇಕಾದವರು ಎದ್ದು ಓಡಾಡುತ್ತಿದ್ದರು! ವಿಪ್ಲ್, ಮೈನಟ್, ಮರ್ಫಿ ಈ ಮೂವರಿಗೂ 1934ರ ನೊಬೆಲ್ ಬಹುಮಾನ ಬಂತು. ರಾಬಿನ್ಸ್ ಆಕೆಗೆ ಬರಲಿಲ್ಲ. ಆಮೇಲೆ ತಿಳಿದುಬಂದ ತಮಾಷೆಯೆಂದರೆ ನಾಯಿಗಳನ್ನು ಚೇತರಿಸಿದ್ದು ಈಲಿಯಲ್ಲಿದ್ದ ಕಬ್ಬಿಣ. ಮನುಷ್ಯರನ್ನು ಬದುಕಿಸಿದ್ದು ಅದೇ ಈಲಿಯಲ್ಲಿ ಅಡಗಿದ್ದ, ಕಬ್ಬಿಣಕ್ಕೆ ಏನೂ ಸಂಬಂಧವಿಲ್ಲದ ಬೇರೊಂದು ವಸ್ತು. ಲೆಕ್ಕ ತಪ್ಪಿದ್ದರೂ ಉತ್ತರ ಸರಿಬಂದಿತ್ತು.

ಬದುಕಿದವರ ಪಾಡನ್ನೂ ಸ್ವಲ್ಪ ನೆನೆಯಬೇಕು. ದಿನವೂ ಅರ್ಧ ಪೌಂಡು ಈಲಿ, ಅದೂ ಅರೆಬೆಂದದ್ದು. ಹಬ್ಬವಿಲ್ಲ, ಬಿಡುವಿಲ್ಲ, ಬೇಸರಕ್ಕೆ ಎಡೆಯಿಲ್ಲ. ಹಸಿಯದನ್ನೆ ಅರೆದು ಕಿತ್ತಳೆಯ ರಸದಲ್ಲಿ ಕದಡಿ, ಮೂಗು ಮುಚ್ಚಿಕೊಂಡು ಕುಡಿದವರೂ ಉಂಟು. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ರೋಗ ಮರಳುತ್ತಿತ್ತು. ಮೊದಲು ಈ ರೋಗಕ್ಕೆ ಸಾವು ಒಂದೇ ಇದ್ದುದರಿಂದ ‘ರೋಗದೊಡನೆ ಬಾಳುವುದು’ ಎಂಬ ಪ್ರಶ್ನೆಯೇ ಹುಟ್ಟಿರಲಿಲ್ಲ. ಆ ಪ್ರಶ್ನೆ ಹುಟ್ಟಿದ್ದೇ 1926ರಲ್ಲಿ ಎನ್ನಬೇಕು. ಮದ್ದು ಕೊಟ್ಟ ಮೈನಟ್‌ಗೂ ಇದು ಚೆನ್ನಾಗಿ ಗೊತ್ತಿದ್ದ ಸಂಗತಿ. 1921ರಲ್ಲಿ ಅವನಿಗೆ ಸಿಹಿಮೂತ್ರದ ಕಾಯಿಲೆ ತೀವ್ರವಾಗಿ ಕಾಣಿಸಿತ್ತು. ಒಂದೆರಡು ವರ್ಷದಲ್ಲಿ ಇನ್ಸುಲಿನ್ ಬಾರದೆ ಇದ್ದಿದ್ದರೆ ಅವನು 1926ನ್ನು ಕಾಣುತ್ತಿರಲಿಲ್ಲ. ದಿನದಿನದ ಸೂಜಿಯಿಂದ ಉಳಿದವನೊಬ್ಬನು ದಿನದಿನದ ಈಲಿಯಿಂದ ಇತರರನ್ನು ಉಳಿಸಿದನು.

ಈಗ ಕ್ಯಾಸಲ್ ಎಂಬ ಮೂವತ್ತರ ಪ್ರಾಯದ ವೈದ್ಯನ ವಿಷಯ. ವಿಲಿಯಂ ಕ್ಯಾಸಲ್ ಬಾಸ್ಟನ್ನಿನ ನಗರ ಆಸ್ಪತ್ರೆಯಲ್ಲಿದ್ದನು. ಅವನು ಕೇಳಿದ ಪ್ರಶ್ನೆ ಬಹು ಸರಳ. ಆರೋಗ್ಯವಂತನಾದ ಮನುಷ್ಯನು ದಿನವೂ ಅರ್ಧ ಪೌಂಡು ಈಲಿ ತಿನ್ನುವುದಿಲ್ಲ. ಆದರೂ ಅವನ ರಕ್ತ ಕೆಡುವುದಿಲ್ಲವಲ್ಲ, ಏಕೆ? ಈ ರೋಗಿಗಳ ಜಠರದಲ್ಲಿ ಆಮ್ಲವಿರುವುದಿಲ್ಲವೆಂಬುದು ಮೊದಲೆ ತಿಳಿದಿತ್ತು. ಹಾಗಾದರೆ ಜಠರದಲ್ಲಿ ಇನ್ನೇನೋ ಇಲ್ಲವಾಗಿರಬೇಕು. ಪರೀಕ್ಷಿಸುವುದು ಹೇಗೆ? ಅವನು ಹಿಡಿದ ಉಪಾಯವನ್ನು ಹೇಳುವುದಕ್ಕೆ ನನಗೆ ಸಂಕೋಚ, ಆದರೆ ಹೇಳದೆ ವಿಧಿಯಿಲ್ಲ. ಅವನು ಬೆಳಗ್ಗೆ ಅರೆಬೆಂದ ಮಾಂಸವನ್ನು ಮುನ್ನೂರು ಗ್ರಾಮಿನಷ್ಟು ತಾನು ತಿಂದು, ಒಂದು ಗಂಟೆಯ ಮೇಲೆ ಹೊಟ್ಟೆಯಿಂದ ಹೊರತೆಗೆದು, ಬಿಸಿಯಲ್ಲಿಟ್ಟು ಜೀರ್ಣವಾಗಿಸಿ, ಕೊಳವೆಯ ಮೂಲಕ ರೋಗಿಯ ಹೊಟ್ಟೆಗೆ ಸೇರಿಸಿದನು. ಏನು ಕೊಡುತ್ತಿದ್ದಾರೆಂದು ರೋಗಿಗಳಿಗೆ ಹೇಳಿರಲಿಲ್ಲ. ಇಂದು ಯಾವ ಆಸ್ಪತ್ರೆಯೂ ಇದಕ್ಕೆ ಒಪ್ಪಲಾರದು, ಒಪ್ಪಬಾರದು ಕೂಡ. ಆದರೆ ಪರಿಣಾಮ ಸ್ಪಷ್ಟವಾಗಿತ್ತು. ಬರಿಯ ಮಾಂಸವನ್ನು ಹತ್ತು ದಿನ ಕೊಟ್ಟರೂ ಅಲುಗದಿದ್ದ ರಕ್ತ, ಕ್ಯಾಸಲ್‌ನ ಜಠರವನ್ನು ಹಾದುಬಂದ ಮಾಂಸಕ್ಕೆ ಚಿಗುರಿತು. ಆಹಾರದಲ್ಲಿ ಒಂದು ‘ಹೊರ ಅಂಶ’, ಜಠರದಲ್ಲಿ ಒಂದು ‘ಒಳ ಅಂಶ’. ಎರಡೂ ಕೈಹಿಡಿದರೆ ಮಾತ್ರ ರಕ್ತ ತುಂಬುತ್ತದೆ ಎಂದು 1929ರಲ್ಲಿ ಅವನು ಸಾರಿದನು. ಈ ರೋಗಿಯ ತಟ್ಟೆಯಲ್ಲಿ ಏನೂ ಕಡಿಮೆಯಿರಲಿಲ್ಲ. ತಟ್ಟೆಯಲ್ಲಿದ್ದುದನ್ನು ಕರೆದುಕೊಂಡು ಹೋಗಿ ರಕ್ತಕ್ಕೆ ಸೇರಿಸುವ ಮಧ್ಯವರ್ತಿ ಜಠರದಲ್ಲಿ ಇಲ್ಲವಾಗಿದ್ದನು.

ಇದೇ ಹೊತ್ತಿಗೆ ಕಥೆ ನಮ್ಮ ದೇಶಕ್ಕೂ ಬಂತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದಳು. ಅಲ್ಲಿನ ಬಟ್ಟೆ ಗಿರಣಿಗಳ ಬಡ ಗರ್ಭಿಣಿಯರಲ್ಲಿ ತೀವ್ರವಾದ ರಕ್ತಹೀನತೆ ಕಾಣುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ಆ ರಕ್ತ ಮಾರಕ ರಕ್ತಹೀನತೆಯ ರಕ್ತದಂತೆಯೆ ಕಂಡರೂ ಈ ಹೆಂಗಸರ ಜಠರ ಕೆಟ್ಟಿರಲಿಲ್ಲ. ಕೆಟ್ಟಿದ್ದುದು ಅವರ ಊಟ. ಕೋತಿಗಳ ಮೇಲೆಯೂ ಪ್ರಯೋಗ ಮಾಡಿ, ಮಾರ್ಮೈಟ್ ಎಂಬ ಅಗ್ಗವಾದ ಈಸ್ಟಿನ ಸಾರದಿಂದ ಅವರು ಗುಣವಾಗುವರೆಂದು ಆಕೆ 1931ರಲ್ಲಿ ಪ್ರಕಟಿಸಿದಳು. ಚೊಕ್ಕಟ ಮಾಡಿದ ಈಲಿಯ ಸಾರದಿಂದ ಅವರಿಗೆ ಪ್ರಯೋಜನವಾಗಲಿಲ್ಲವೆಂಬುದೂ ಆಮೇಲೆ ಆಕೆಗೆ ಕಂಡುಬಂತು. ಅಂದರೆ ಒಂದೇ ಮುಖದ ಎರಡು ರೋಗ. ಮುಂಬಯಿಯ ಹೆಂಗಸರಿಗೆ ಬೇಕಾಗಿದ್ದುದು ಫೋಲಿಕ್ ಆಮ್ಲ. ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ದಾರಿಯನ್ನು ಅಮೆರಿಕದ ಲೆಡರ್ಲಿ ಸಂಸ್ಥೆಯಲ್ಲಿ 1945ರಲ್ಲಿ ಕಂಡುಹಿಡಿದ ತಂಡಕ್ಕೆ ನಾಯಕನಾಗಿದ್ದವರು ಆಂಧ್ರದ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಆ ಹೊಸ ಮಾತ್ರೆಯನ್ನು ಮಾರಕ ರಕ್ತಹೀನತೆಯವರಿಗೂ ಕೊಟ್ಟು ನೋಡಿದರು. ರಕ್ತ ಸೊಗಸಾಗಿ ತುಂಬಿಕೊಂಡಿತು. ಈಲಿಯ ಕಾಟ ತಪ್ಪಿತೆಂದು ರೋಗಿಗಳು ಹಿಗ್ಗಿರಬೇಕು. ಎರಡು ಮೂರು ವರ್ಷ ಕಳೆಯುವುದರಲ್ಲಿ ಕೆನ್ನೆ ಕೆಂಪಗಿದ್ದ ಆ ರೋಗಿಗಳಲ್ಲಿ ಹಲವರ ಕಾಲು ತಪ್ಪಹತ್ತಿತು, ಜೋಮು ಏರಿತು, ನರಗಳು ಕೆಡುತ್ತ ಹೋದವು. ಮೇಲಿನ ಬಣ್ಣ ಬಳಿದು ಗೋಡೆಯೊಳಗಿನ ಗೆದ್ದಲನ್ನು ಮುಚ್ಚಿದಂತಾಗಿತ್ತು. ಈ ನೂರು ವರ್ಷದ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕಿದ ಘಟ್ಟ ಇದು. ಮದ್ದು ಕೆಟ್ಟದ್ದಲ್ಲ, ಮುಂಬಯಿಯಲ್ಲಿ ಅದು ಜೀವ ಉಳಿಸುವಂಥದು. ರೋಗ ಯಾವುದೆಂದು ಕೇಳದೆ, ರಕ್ತದ ಅಂಕಿಯೊಂದನ್ನೆ ನೋಡಿ ಕೊಟ್ಟುದರಿಂದ ಅದು ಕೆಲವರ ನಡಿಗೆಯನ್ನು ಕಿತ್ತುಕೊಂಡಿತು.

ಈಲಿಯಲ್ಲಿದ್ದ ನಿಜವಾದ ವಸ್ತು 1948ರಲ್ಲಿ ಕೈಗೆ ಸಿಕ್ಕಿತು. ಅಮೆರಿಕದ ಮರ್ಕ್ ಸಂಸ್ಥೆಯಲ್ಲಿ ಫೋಕರ್ಸ್‌ನ ತಂಡವೂ ಇಂಗ್ಲೆಂಡಿನ ಗ್ಲಾಕ್ಸೊದಲ್ಲಿ ಲೆಸ್ಟರ್ ಸ್ಮಿತ್ತನೂ ಅದೇ ವರ್ಷ ಬೇರೆಬೇರೆಯಾಗಿ ಮಾಣಿಕ್ಯದಂತೆ ಕೆಂಪಾದ ಹರಳುಗಳನ್ನು ತೆಗೆದರು. ಅದೇ ಬಿ-12 ಜೀವಸತ್ವ. ದಿನಕ್ಕೆ ಬೇಕಾದುದು ಎರಡು ಮೂರು ಮೈಕ್ರೊಗ್ರಾಂ, ಎಂದರೆ ಒಂದು ಗ್ರಾಮಿನ ಹತ್ತು ಲಕ್ಷ ಭಾಗದಲ್ಲಿ ಎರಡು ಮೂರು ಭಾಗ ಅಷ್ಟೆ. ಮೈಯಲ್ಲಿ ಕೆಲವು ವರ್ಷಗಳಿಗಾಗುವಷ್ಟು ದಾಸ್ತಾನು ಇರುತ್ತದೆ; ಆದ್ದರಿಂದ ಕೊರತೆ ಸದ್ದಿಲ್ಲದೆ ಬರುತ್ತದೆ. ಆ ಹರಳುಗಳನ್ನು ಲೆಸ್ಟರ್ ಸ್ಮಿತ್ತನು ಆಕ್ಸ್‌ಫರ್ಡಿನ ಡಾರತಿ ಹಾಡ್ಜ್‌ಕಿನ್ ಎಂಬಾಕೆಗೆ ಕೊಟ್ಟನು. ಹೈಡ್ರೊಜನ್ನನ್ನು ಬಿಟ್ಟರೂ ತೊಂಬತ್ತಮೂರು ಪರಮಾಣುಗಳ ಆ ಜಟಿಲ ಕಟ್ಟಡವನ್ನು, ನಡುವೆ ಕುಳಿತಿದ್ದ ಒಂದು ಕೋಬಾಲ್ಟ್ ಪರಮಾಣುವನ್ನು ಹಿಡಿದು, ಎಕ್ಸ್ ಕಿರಣಗಳ ನೆರವಿನಿಂದ ಆಕೆ 1956ರ ಹೊತ್ತಿಗೆ ಬಿಡಿಸಿಟ್ಟಳು. 1964ರಲ್ಲಿ ನೊಬೆಲ್ ಬಹುಮಾನ ಆಕೆಯೊಬ್ಬಳಿಗೇ ಬಂತು. ಆಕೆಯ ಕೈಗಳ ವಿಷಯ ಕಡೆಯಲ್ಲಿ ಹೇಳುತ್ತೇನೆ.

ಇಷ್ಟಾದರೂ ಮೂಲಪ್ರಶ್ನೆ ಹಾಗೆಯೆ ನಿಂತಿತ್ತು. ಜಠರದ ಆ ‘ಒಳ ಅಂಶ’ ಏಕೆ ಇಲ್ಲವಾಗುತ್ತದೆ?

ಜರ್ಮನಿಯ ಪಾಲ್ ಎರ್ಲಿಕ್ ಇಪ್ಪತ್ತನೆಯ ಶತಮಾನದ ಮೊದಲಲ್ಲೆ ಒಂದು ಸಿದ್ಧಾಂತವನ್ನು ಹೇಳಿದ್ದನು. ಹೊರಗಿನ ಶತ್ರುಗಳನ್ನು ಹೊಡೆಯಲು ಮೈ ತಯಾರಿಸುವ ಆಯುಧಗಳು ತನ್ನ ಮೇಲೆಯೆ ತಿರುಗದಂತೆ ಪ್ರಕೃತಿ ಏರ್ಪಾಡು ಮಾಡಿದೆ. ತನಗೆ ತಾನೆ ವಿಷವಾಗುವುದನ್ನು ಮೈ ಸಹಿಸದು ಎಂದು. ಅವನ ಮಾತಿನ ಭಾರ ಎಷ್ಟಿತ್ತೆಂದರೆ ಅರ್ಧ ಶತಮಾನದ ಕಾಲ ಬಹುಮಂದಿ ಅತ್ತ ನೋಡಲೇ ಇಲ್ಲ. 1956ರಲ್ಲಿ ಆ ಕಟ್ಟು ಮುರಿಯಿತು. ಅಮೆರಿಕದ ಬಫಲೊ ನಗರದಲ್ಲಿ ರೋಸ್, ವಿಟೆಬ್ಸ್ಕಿ ಎಂಬವರು ಮೊಲಗಳಲ್ಲಿ ಅವುಗಳ ಥೈರಾಯಿಡ್ ಗ್ರಂಥಿಗೇ ಎದುರಾದ ಪ್ರತಿಕಾಯಗಳನ್ನು ಎಬ್ಬಿಸಿ ತೋರಿಸಿದರು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡೆಬೊರಾ ಡೋನಿಯಾಕ್ ಎಂಬಾಕೆ, ಹಾಶಿಮೊಟೊ ರೋಗದಿಂದ ಥೈರಾಯಿಡ್ ಊದಿಕೊಂಡವರ ರಕ್ತದಲ್ಲಿ ಒಂದು ಬಗೆಯ ಪ್ರೋಟೀನು ಹೆಚ್ಚಾಗಿರುವುದನ್ನೂ ಗ್ರಂಥಿಯನ್ನು ಕತ್ತರಿಸಿ ತೆಗೆದ ಮೇಲೆ ಅದು ಇಳಿಯುವುದನ್ನೂ ಗಮನಿಸಿದ್ದಳು. ಆಕೆಯೂ ರಾಯಿಟ್, ಕ್ಯಾಂಪ್‌ಬೆಲ್ ಎಂಬ ಸಂಗಡಿಗರೂ ಆ ರೋಗಿಗಳ ರಕ್ತದಲ್ಲಿ ಅವರ ಗ್ರಂಥಿಗೇ ಎದುರಾದ ಪ್ರತಿಕಾಯಗಳನ್ನು ಕಂಡರು. ಮರುವರ್ಷ ಆಡಿಸನ್ನನ ಹೆಸರಿನ ಗ್ರಂಥಿರೋಗದಲ್ಲಿಯೂ ಇಂಥವೇ ಕಂಡವು. ಅದರ ಬೆನ್ನಿಗೆ, 1962ರ ಹೊತ್ತಿಗೆ, ಮಾರಕ ರಕ್ತಹೀನತೆಯವರಲ್ಲಿ ಜಠರದ ಜೀವಕೋಶಗಳಿಗೆ ಎದುರಾದ ಪ್ರತಿಕಾಯಗಳೂ ಆ ‘ಒಳ ಅಂಶ’ವನ್ನೆ ತಡೆಹಿಡಿಯುವ ಪ್ರತಿಕಾಯಗಳೂ ಸಿಕ್ಕಿದವು.

ಗುಟ್ಟು ಬಯಲಾಯಿತು. ಕೋಟೆಯ ಕಾವಲುಗಾರರೆ ಉಗ್ರಾಣವನ್ನು ಸುಡುತ್ತಿದ್ದರು. ಅಷ್ಟು ಮಾತ್ರವಲ್ಲ, ಜಠರವನ್ನು ಹೊಡೆಯುವ ರಕ್ತದಲ್ಲಿ ಅನೇಕ ವೇಳೆ ಥೈರಾಯಿಡನ್ನು ಹೊಡೆಯುವುದೂ ಇರುತ್ತಿತ್ತು, ಅದರ ರೋಗಿಗಳಲ್ಲಿ ಇದೂ ಇರುತ್ತಿತ್ತು. ಈ ಬಗೆಯ ಬೇನೆಗಳಿಗೆ ‘ಆಟೋ ಇಮ್ಯೂನ್’ ಎಂದು ಹೆಸರಾಯಿತು. ಅವು ಒಂಟಿಯಾಗಿ ತಿರುಗುವುದು ಕಡಿಮೆ. ಥೈರಾಯಿಡ್, ಜಠರ, ಮೂತ್ರಪಿಂಡದ ಮೇಲಿನ ಗ್ರಂಥಿ, ಎಳೆಯರ ಸಿಹಿಮೂತ್ರ, ಚರ್ಮದ ತೊನ್ನು, ಇವುಗಳಲ್ಲಿ ಒಂದಿದ್ದ ಮೈಯಲ್ಲಿ, ಇಲ್ಲವೆ ಒಂದೆ ಮನೆತನದಲ್ಲಿ, ಇನ್ನೊಂದು ಕಾಣಿಸುವುದು ವಾಡಿಕೆ. ಕಾರಣವರಿಯದೆ ಆಡಿಸನ್ ವರ್ಣಿಸಿದ ಆ ಎರಡು ರೋಗಗಳು ಕಡೆಗೆ ಒಂದೆ ವಂಶದವೆಂದಾಯಿತು. ಅವನ ಕಾಲದಲ್ಲಿ ಗ್ರಂಥಿರೋಗಕ್ಕೆ ಹೆಚ್ಚಾಗಿ ಕ್ಷಯವೇ ಕಾರಣವಾಗಿತ್ತೆಂಬುದು ನಿಜ; ಕ್ಷಯ ತಗ್ಗಿದ ನಾಡುಗಳಲ್ಲಿ ಇಂದು ಅದಕ್ಕೆ ಮುಖ್ಯಕಾರಣ ಈ ಒಳಜಗಳವೆ.

ಒಳಜಗಳವನ್ನು ನಿಲ್ಲಿಸುವ ಮದ್ದು ಜಠರದ ಮಟ್ಟಿಗೆ ಇನ್ನೂ ಇಲ್ಲ. ಇಲ್ಲವಾದುದನ್ನು ತುಂಬಿಕೊಡುತ್ತ ಹೋಗುವುದು, ಬದುಕಿರುವ ತನಕ. ಸೂಜಿಯ ಮೂಲಕ ಕೊಟ್ಟರೆ ಜಠರದ ಹಂಗಿಲ್ಲ. ಬಾಯಿಂದ ಬಲು ದೊಡ್ಡ ಪ್ರಮಾಣದಲ್ಲಿ ಕೊಟ್ಟರೂ ನೂರರಲ್ಲೊಂದು ಪಾಲಿನಷ್ಟು ಮಧ್ಯವರ್ತಿಯಿಲ್ಲದೆಯೆ ಒಳಸೇರುತ್ತದೆಂದು ತಿಳಿದಿರುವುದರಿಂದ ಕೆಲವರಿಗೆ ಮಾತ್ರೆಯೂ ಸಾಕಾಗುತ್ತದೆ. ಇನ್ನೊಂದು ತೊಡಕೂ ಉಂಟು. ಜಠರದ ಆಮ್ಲ ಹೋದರೆ ಆಹಾರದ ಕಬ್ಬಿಣವೂ ಸರಿಯಾಗಿ ಸೇರದು. ಅದರಲ್ಲೂ ಹೆಂಗಸರಲ್ಲಿ ಮೊದಲು ಕಬ್ಬಿಣದ ಕೊರತೆ ಕಾಣಿಸಿಕೊಂಡು, ಬಿ-12ರ ಕೊರತೆ ವರ್ಷಗಳ ಮೇಲೆ ಹೊರಬೀಳುವುದುಂಟು. ಹೀಗೆ ಒಂದೇ ರೋಗ ಎರಡು ವೇಷದಲ್ಲಿ ಬರುತ್ತದೆ.

ನನ್ನ ಸೋದರತ್ತೆಯ ಮಗಳೊಬ್ಬಳಿದ್ದಾಳೆ; ನನಗಿಂತ ಆರು ವರ್ಷಕ್ಕೆ ಹಿರಿಯಳು, ಶಾಲೆಯಲ್ಲಿ ಉಪಾಧ್ಯಾಯಿನಿ. ಮೂವತ್ತರ ಆಚೆಯಿಂದ ಥೈರಾಯಿಡ್ ಮಾತ್ರೆ ನುಂಗುತ್ತಿದ್ದಳು. ನಲವತ್ತರ ಮೇಲೆ ದಣಿವು ಹೆಚ್ಚಿತು. “ಏಕಾದಶಿ ಉಪವಾಸ ಮಾಡಿದ ದಿನವೂ ಇಷ್ಟು ಸುಸ್ತಾಗೋದಿಲ್ಲ ಕಣೋ, ಕರಿಹಲಗೆ ಒರೆಸೋದಕ್ಕೆ ಕೈಯೆತ್ತಿದರೆ ಎದೆ ಹೊಡಕೊಳ್ಳುತ್ತೆ” ಎನ್ನುತ್ತಿದ್ದಳು. ಮೂರು ವರ್ಷ ಕಬ್ಬಿಣದ ಮಾತ್ರೆ ನಡೆಯಿತು. ಆಮೇಲೆ ಬಿ-12 ಕಡಿಮೆಯೆಂದು ಗೊತ್ತಾದಾಗ, “ನೀವು ಸಸ್ಯಾಹಾರಿಗಳು, ಇದು ಸಹಜ, ಹಾಲು ಮೊಸರು ಜಾಸ್ತಿ ಮಾಡಿ” ಎಂದು ಕಳುಹಿಸಿದರು. ನಮ್ಮ ನಾಡಿನಲ್ಲಿ ಆ ಮಾತು ಹಲವರಿಗೆ ಸರಿಯೆ. ಸಸ್ಯಾಹಾರದಲ್ಲಿ ಹಾಲು ಮೊಸರು ಬಿಟ್ಟರೆ ಬಿ-12 ಸಿಗುವುದಿಲ್ಲವೆಂದೆ ಹೇಳಬೇಕು. ಆದರೆ ಆಕೆಯ ಮನೆಯಲ್ಲಿ ಹಾಲು ಮೊಸರಿಗೆ ಎಂದೂ ಬರವಿರಲಿಲ್ಲ. ಪಾದ ನೆಲಕ್ಕೆ ತಾಗದೆ ಹತ್ತಿಯ ಮೇಲೆ ಇಟ್ಟಂತಾಗುತ್ತದೆಂದು ಆಕೆ ಹೇಳಿದ ಮೇಲೆ, ಮುದುಕರಾದ ವೈದ್ಯರೊಬ್ಬರು ಥೈರಾಯಿಡಿನ ಹಳೆಯ ಚೀಟಿಯನ್ನು ಕೇಳಿ ನೋಡಿ, ಪ್ರತಿಕಾಯಗಳ ಪರೀಕ್ಷೆ ಮಾಡಿಸಿದರು. ಎರಡು ಚೀಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಅವರೆ ಮೊದಲಿಗರು.

ಈಗ ಆಕೆಗೆ ತಿಂಗಳಿಗೊಂದು ಸೂಜಿ. ಕೆಂಪು ಮದ್ದು. ಗೌರಿಹಬ್ಬ, ಮಗನ ಮದುವೆ, ಕಾಶಿಯಾತ್ರೆ ಎಲ್ಲವನ್ನೂ ಆ ತಾರೀಖನ್ನು ನೋಡಿಕೊಂಡು ಹೊಂದಿಸಿಕೊಳ್ಳುತ್ತಾಳೆ. ಮೂರನೆಯ ವಾರ ಮುಗಿಯುತ್ತ ಬಂದಂತೆ ನಾಲಿಗೆ ಉರಿಯುತ್ತದೆಂದೂ, ರಕ್ತ ಸರಿಯಾಗಿದೆಯಲ್ಲ ಎಂದು ಇತರರು ಅದನ್ನು ನಂಬುವುದಿಲ್ಲವೆಂದೂ ಆಕೆಯ ದೂರು. ಎಡಗಾಲಿನ ಎರಡು ಬೆರಳ ಜೋಮು ಹೋಗಿಲ್ಲ; ಹೋಗುವುದೂ ಇಲ್ಲವೆಂದು ಆ ವೈದ್ಯರು ಹೇಳಿದ್ದಾರೆ. ತಡವಾದದ್ದಕ್ಕೆ ಉಳಿದ ಬಾಕಿ ಅದು.

ಆಟೋ ಇಮ್ಯೂನ್ ಬೇನೆ ರಕ್ತವನ್ನು ಕೆಡಿಸುವ ದಾರಿ ಇದೊಂದೆ ಅಲ್ಲ. ಪ್ರತಿಕಾಯಗಳು ಕೆಂಪುಕಣಗಳನ್ನೆ ನೇರವಾಗಿ ಹಿಡಿದು ಒಡೆಯುವುದುಂಟು. ಅದನ್ನು ಬಯಲು ಮಾಡುವ ಪರೀಕ್ಷೆಯನ್ನು 1945ರಲ್ಲಿ ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್ ಮತ್ತು ಸಂಗಡಿಗರು ಕಂಡುಹಿಡಿದರು. ರಾತ್ರಿಯ ರೈಲಿನ ಮಬ್ಬು ದೀಪದಲ್ಲಿ ಕುಳಿತಿದ್ದಾಗ ಆ ಯೋಚನೆ ಹೊಳೆಯಿತೆಂದು ಅವನೆ ಹೇಳಿಕೊಂಡಿದ್ದಾನೆ.

ಇನ್ನೊಂದು ದಾರಿ ಹೆಚ್ಚು ಸಾಮಾನ್ಯವಾದುದು, ಹೆಚ್ಚು ಮೋಸದ್ದು. ರುಮಟಾಯಿಡ್ ಸಂಧಿವಾತದಂಥ ಬೇನೆಯಲ್ಲಿ ಕೀಲುಗಳು ವರ್ಷಗಟ್ಟಲೆ ಉರಿಯುತ್ತಿರುವಾಗ ರಕ್ತವೂ ತೆಳುವಾಗುತ್ತದೆ. ಮೈಯಲ್ಲಿ ಕಬ್ಬಿಣ ಇಲ್ಲದೆ ಅಲ್ಲ; ಇದ್ದರೂ ಕೈಗೆ ಸಿಗದು. 2000ದ ಆಚೀಚೆಗೆ ಇದರ ಬೀಗವೂ ಸಿಕ್ಕಿತು. ಹೆಪ್ಸಿಡಿನ್ ಎಂಬುದು ಅದರ ಹೆಸರು. ಉರಿಯೂತದ ಸುದ್ದಿ ತಲಪಿದ ಕೂಡಲೆ ಯಕೃತ್ತು ಅದನ್ನು ಹೆಚ್ಚಾಗಿ ಸುರಿಸಿ, ಕರುಳಿನಿಂದ ಬರುವ ಕಬ್ಬಿಣವನ್ನೂ ಉಗ್ರಾಣದಲ್ಲಿರುವ ಕಬ್ಬಿಣವನ್ನೂ ತಡೆಯುತ್ತದೆ. ಸೋಂಕು ಬಂದಾಗ ರೋಗಾಣುಗಳಿಗೆ ಕಬ್ಬಿಣ ಸಿಗದಿರಲೆಂದು ಮಾಡಿಕೊಂಡ ಏರ್ಪಾಡಿರಬೇಕು ಇದು. ಶತ್ರುವೇ ಇಲ್ಲದ ಯುದ್ಧದಲ್ಲಿ ಮನೆಯವರೆ ಹಸಿಯುತ್ತಾರೆ. 1926ರಲ್ಲಿ ಕೊಡುಗೈ ದಾನಿಯಾಗಿ ಬಂದ ಈಲಿ ಇಲ್ಲಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯಾಗಿ ಕುಳಿತಿದೆ. ಇಂಥವರಿಗೆ ಬರಿಯ ಕಬ್ಬಿಣದ ಮಾತ್ರೆಯಿಂದ ಆಗುವ ಪ್ರಯೋಜನ ಅಲ್ಪ. ಮೊದಲು ಕೀಲಿನ ಉರಿ ಆರಬೇಕು.

ಡಾರತಿ ಹಾಡ್ಜ್‌ಕಿನ್ನಳ ಕೈಗಳ ವಿಷಯ ಹೇಳುತ್ತೇನೆಂದಿದ್ದೆ. 1934ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಆಕೆಗೆ ಈ ರುಮಟಾಯಿಡ್ ಸಂಧಿವಾತ ಹಿಡಿಯಿತು. ಬೆರಳುಗಳು ಗಂಟುಗಂಟಾಗಿ ಸೊಟ್ಟಗಾದವು. ಎಕ್ಸ್ ಕಿರಣ ಯಂತ್ರದ ಸ್ವಿಚ್ಚನ್ನು ಒತ್ತಲಾರದೆ ಅದಕ್ಕೆ ಉದ್ದನೆಯ ಹಿಡಿಯೊಂದನ್ನು ಮಾಡಿಸಿಕೊಂಡಿದ್ದಳು. ಮೈಯ ಒಳಜಗಳದಿಂದ ಕೆಟ್ಟ ಜಠರದವರು ಇಂದು ಯಾವ ಮದ್ದಿನಿಂದ ಬದುಕಿದ್ದಾರೋ ಅದರ ರೂಪವನ್ನು ಲೋಕಕ್ಕೆ ತೋರಿಸಿದ್ದು ಅಂಥದೇ ಒಳಜಗಳದಿಂದ ಸೊಟ್ಟಗಾದ ಆ ಕೈಗಳು. ಬಿ-12 ಆದ ಮೇಲೆ ಇನ್ಸುಲಿನ್ನಿನ ರಚನೆಯನ್ನು ಹಿಡಿದು 1969ರಲ್ಲಿ ಅದನ್ನೂ ಮುಗಿಸಿದಳು. ಆ ಕೆಲಸದಲ್ಲಿ ಆಕೆಯ ಜೊತೆಗಿದ್ದ ಎಂ. ವಿಜಯನ್ ಆಮೇಲೆ ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಮರಳಿ, ಪ್ರೋಟೀನುಗಳ ರಚನೆಯನ್ನು ಅರಸುವ ಅಭ್ಯಾಸವನ್ನು ಇಲ್ಲಿ ಬೆಳೆಸಿದರು. 1993ರಲ್ಲಿ ಬೀಜಿಂಗಿನಲ್ಲಿ ಹರಳುಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ ಆಕೆಗೆ ಎಂಬತ್ತಮೂರು ವರ್ಷ. ವೈದ್ಯರು ಬೇಡವೆಂದರೂ ಗಾಲಿಕುರ್ಚಿಯಲ್ಲಿ ಕುಳಿತು ಹೋಗಿಬಂದಳು.